ಸೈಕಲ್ ಮೇಲೆ ಕಡಲ ತೀರಕ್ಕೆ



ನಾವು ಒಬ್ಬರೇ ಸೈಕಲ್ ತುಳಿದು ಪರದೇಶದ ಕಡಲ ತೀರ ನೋಡಿ ಬಂದೆವು. ಅದನ್ನು ಹೇಳಿ ಅಂದಿರಿ. ಹೇಳ್ತೇವೆ, ಕೇಳಿ.

ಅದು ಫ್ರಾನ್ಸ್ ದೇಶದ ನಾರ್ಮಂಡಿ ಸೀಮೆ. ಬಾಯೂ ಎಂಬ ಊರಲ್ಲಿ ಬಾಡಿಗೆ ಸೈಕಲ್ ತಗೊಂಡೆವು. ಕಡಲ ತೀರದ ಅರೊಮಾಂಶ್ ಅಲ್ಲಿಂದ ಸುಮಾರು 10 ಕಿಲೋಮೀಟರ್. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಹೋಗುತ್ತವೆ. ನಾವು ರೂಢಿಯಂತೆ ಎಡಕ್ಕೆ ಹೋಗಿ ಬೈಸಿಕೊಂಡೆವು. ಬೈದದ್ದು ಅರ್ಥವಾಗಲಿಲ್ಲ, ಅದೇ ಪುಣ್ಯ!

ಸೇಬಿನ ತೋಟ, ಮೇಯುವ ಹಸು ನೋಡುತ್ತಾ ದಾರಿ ತಪ್ಪಿತು. ಕೇಳೋಣ ಅಂದರೆ ಜನವಿಲ್ಲ, ಭಾಷೆಯೂ ಬಾರದು. ಬೋರ್ಡಿನ ಅಕ್ಷರ ಒಂದೊಂದಾಗಿ ಕೂಡಿಸಿ ಓದಿದೆವು, ನೀವು ಈಗ ಓದುವ ಹಾಗೇ. ದಾರಿ ಸಿಕ್ಕಿತು.

ಆಗ ಫ್ರಾನ್ಸ್ ಹಿಟ್ಲರನ ಜರ್ಮನಿಯ ಕೈಲಿತ್ತು. 1944ರ ಜೂನ್ 6ರಂದು ಬ್ರಿಟನ್, ಅಮೆರಿಕ, ಕೆನಡಾ ಸೈನ್ಯಗಳು ಈ ಸೀಮೆಯ ತೀರದಲ್ಲಿ ಇಳಿದವು. ಸಾಮಾನು ಇಳಿಸಲು ಬಂದರು ಬೇಕಲ್ಲ? ದೊಡ್ಡ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಂಗ್ಲೆಂಡಿನಿಂದ ನೀರಲ್ಲೇ ಎಳೆದು ತಂದು ಅರೊಮಾಂಶ್‌ನಲ್ಲಿ ಬಂದರು ಮಾಡಿದರು. ಕೆಲವು ಇಂದಿಗೂ ಕಡಲಲ್ಲಿ ನಿಂತಿವೆ.

ತಿರುಗಿ ಬರುವಾಗ ಬಾಯೂವಿನ ಸೈನಿಕರ ಸ್ಮಶಾನಕ್ಕೆ ಹೋದೆವು. 4 ಸಾವಿರಕ್ಕೂ ಹೆಚ್ಚು ಬಿಳಿ ಕಲ್ಲುಗಳು. ಜರ್ಮನಿಯವರೂ ಅಲ್ಲೇ ಮಲಗಿದ್ದಾರೆ. ಕಲ್ಲಿನ ಮೇಲೆ ಹೆಸರು, ವಯಸ್ಸು. 19, 20, 22. ನಮ್ಮ ಮಗನ ವಯಸ್ಸು ಕಣ್ರೀ. ಸಾವಿರಾರು ಮಂದಿ ಸತ್ತರು ಅಂತ ಕೇಳಿದ್ದೆವು. ಒಂದೊಂದೇ ಹೆಸರು ಓದಿದಾಗ ಎದೆ ಹಿಂಡಿತು.

300ಕ್ಕೂ ಹೆಚ್ಚು ಕಲ್ಲುಗಳಲ್ಲಿ ಹೆಸರೇ ಇಲ್ಲ. ಗುರುತು ಸಿಗಲಿಲ್ಲ. ಯಾವ ತಾಯಿ ಎಲ್ಲಿ ದಾರಿ ಕಾದಳೋ!

ಕತ್ತಲಾಗುವ ಮುಂಚೆ ಸೈಕಲ್ ಒಪ್ಪಿಸಬೇಕಿತ್ತು. ಆದರೂ ಒಂದು ಸಾಲು ಕೊನೆಯವರೆಗೂ ಓದಿಯೇ ಹೊರಟೆವು.