ಹಗಲು ಹೊತ್ತಿನ ಊರದಾರಿ

(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವ ಅಭ್ಯಾಸ ನಮಗಿಲ್ಲ. ಈ ಕೋಣೆಯಲ್ಲಿ ನಮ್ಮ ಜಾಗ ಯಾವಾಗಲೂ ಪೇಪರು ಹರಡಿದ ಮೇಜಿನ ಈಚೆ ಬದಿ. ಗಂಡಹೆಂಡಿರಿಬ್ಬರೂ ಕಾರಿನಲ್ಲಿ ಊರಿಗೆ ಹೋಗಿ ಬಂದೆವೆಂದು ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಕಾರ್ಯದರ್ಶಿಗಳು ಹಿಡಿದು ನಿಲ್ಲಿಸಿದ್ದಾರೆ. ಬಾಯಿ ಒಬ್ಬರದಾದರೂ ಪ್ರವಾಸ ಇಬ್ಬರದು. ಆದುದರಿಂದ ‘ನಾವು’ ಎಂದೇ ಹೇಳುತ್ತೇವೆ. ತಪ್ಪಿದಲ್ಲಿ ತಿದ್ದಲು ನಮ್ಮ ಇನ್ನರ್ಧ ಎರಡನೆಯ ಸಾಲಿನಲ್ಲಿ ಕುಳಿತಿದೆ.

ನಮ್ಮ ಊರು ಕುಂದಾಪುರದ ಹತ್ತಿರ. 1979ರಲ್ಲಿ ಹೋಟೇಲಿನ ಕೆಲಸಕ್ಕೆಂದು ಪರೇಲಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತೆಯಾಗಿ ನಿವೃತ್ತಿ ಹೊಂದಿದ ಕಥೆ ನಿಮಗೆ ಹೊಸದಲ್ಲ. ನಿಮ್ಮಲ್ಲಿ ಅನೇಕರದೂ ಅದೇ ಕಥೆ. ನಮಗಿಂತ ಹಿರಿಯರು ಆಗಬೋಟಿನಲ್ಲಿ ಬಂದರು. ನಾವು ಬಸ್ಸಿನಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿ, ಘಟ್ಟವಿಳಿದು ಅಂಕೋಲೆಗೆ ಬಂದು ಊರು ಸೇರುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ರೈಲು ಹಿಡಿದೆವು. ಬಸ್ಸಾಗಲಿ ರೈಲಾಗಲಿ, ರಜೆಯ ದಿನ ಉಳಿಸಲು ಹೋಗುವುದು ರಾತ್ರಿಯಲ್ಲೇ. ಹೀಗೆ ನಾಲ್ವತ್ತೈದು ವರ್ಷ ನಮ್ಮ ಪಾಲಿಗೆ ಪರೇಲಿಗೂ ಊರಿಗೂ ನಡುವೆ ಇದ್ದದ್ದು ಒಂದು ನಿದ್ದೆ ಮಾತ್ರ.

ಈ ಸಲ ಹಗಲಿನಲ್ಲಿ ಹೋದದ್ದು ರಸಿಕತೆಯಿಂದಲ್ಲ. ನಮ್ಮಲ್ಲಿ ಚಕ್ರ ಹಿಡಿಯುವವರಿಗೆ ಕಣ್ಣಿನ ಪೊರೆ ತೆಗೆಸಿದೆ. ರಾತ್ರಿ ಎದುರಿನ ದೀಪ ಚುಚ್ಚುತ್ತದೆ. ಮಗ ಬಿಟ್ಟುಹೋದ ಹಳೆಯ ಕಾರೊಂದಿತ್ತು. ಹೋಗಲೇಬೇಕಾದ ಕಾರಣವೂ ಇತ್ತು. ಊರಮನೆಯ ದುರಸ್ತಿಗೆ ಸಾಲ ಎತ್ತಲು ಪಾಲುದಾರರೆಲ್ಲರ ಒಪ್ಪಿಗೆ ಸಹಿ ಬೇಕೆಂದು ಅಣ್ಣ ಬರೆದು, ಕಾಗದದ ಪ್ರತಿಯನ್ನೂ ಕಳಿಸಿ ಎರಡು ವರ್ಷವಾಗಿತ್ತು. “ಸಹಿ ಹಾಕಿದಿರೋ, ಪಾಲು ಹೋಯಿತೆಂದೇ ತಿಳಿಯಿರಿ” ಎಂದು ಇಲ್ಲಿಯ ಹಿತೈಷಿಯೊಬ್ಬರು ಕಿವಿಯಲ್ಲಿ ಊದಿದ್ದರು. ಕಾಗದವನ್ನು ಟ್ರಂಕಿನಲ್ಲಿಟ್ಟೆವು. ಎರಡು ಮಳೆಗಾಲ ಕಳೆಯಿತು. ಎರಡನೆಯದರಲ್ಲಿ ಪಡುಬದಿಯ ಮಾಡು ಕುಸಿಯಿತು.

2024ರ ವಿಜಯದಶಮಿ ಅಕ್ಟೋಬರ್ 12ರಂದು. ಹದಿನಾಲ್ಕರ ಸೋಮವಾರ ನಸುಕಿನಲ್ಲಿ ಹೊರಟೆವು. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ ಹೆದ್ದಾರಿಗೆ ಈಗ ಅರವತ್ತಾರು ಎಂಬ ಸಂಖ್ಯೆ. ನಮ್ಮ ಬಾಯಿಗೆ ಅದು ಇನ್ನೂ ಹದಿನೇಳೇ. ರಸ್ತೆ ಅಗಲ ಮಾಡುವ ಕೆಲಸ ಆಗಲೂ ನಡೆದೇ ಇತ್ತು. ಸೊಂಟದ ಕಥೆಯನ್ನು ಇಲ್ಲಿ ಹೇಳುವುದಿಲ್ಲ.

ಆದರೆ ಆ ಶರತ್ಕಾಲದ ಬೆಳಕು! ಮಳೆ ಹಿಂದೆಗೆದಿತ್ತು, ಧೂಳು ಇನ್ನೂ ಎದ್ದಿರಲಿಲ್ಲ. ಗದ್ದೆಗಳು ಹಳದಿಗೆ ತಿರುಗಿದ್ದವು. ಸಹ್ಯಾದ್ರಿಯ ಮೈಮೇಲೆ ಅಲ್ಲೊಂದು ಇಲ್ಲೊಂದು ಬಿಳಿಯ ನೀರಿನ ಗೆರೆ ಉಳಿದಿತ್ತು. ಮಹಾಡಿನಲ್ಲಿ ಸಾವಿತ್ರಿ ನದಿಯನ್ನು ದಾಟುವಾಗ ಕಾರು ನಿಧಾನಿಸಿದೆವು. 2016ರ ಆಗಸ್ಟ್ 2ರ ರಾತ್ರಿ ಇಲ್ಲಿ ಬ್ರಿಟಿಷರ ಕಾಲದ ಸೇತುವೆ ನೆರೆಯಲ್ಲಿ ಮುರಿದು, ಎರಡು ಎಸ್.ಟಿ. ಬಸ್ಸುಗಳು ಕೊಚ್ಚಿಹೋದವು. ಮರುವರ್ಷವೇ ಹೊಸ ಸೇತುವೆಯಾಯಿತು. ಆ ಬಸ್ಸುಗಳಲ್ಲಿದ್ದವರೂ ನಮ್ಮಂತೆಯೇ ಕಣ್ಣುಮುಚ್ಚಿ ಕುಳಿತು ಮನೆಯನ್ನು ನೆನೆಯುತ್ತಿದ್ದಿರಬಹುದು.

ಇದೇ ಮಹಾಡಿನ ಚವದಾರ್ ಕೆರೆಯ ನೀರನ್ನು 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಮುಟ್ಟಿ ಕುಡಿದರು. ಆಗ ಅವರ ಮನೆ ನಮ್ಮ ಪರೇಲಿನ ಬಿ.ಐ.ಟಿ. ಚಾಳು. ದಿನವೂ ಆ ಚಾಳಿನ ಮುಂದೆ ಓಡಾಡುವ ನಾವು ಕೆರೆಯನ್ನು ನೋಡಲು ಇಷ್ಟು ವರ್ಷ ಬೇಕಾಯಿತು.

ಮುಂದೆ ಚಿಪಳೂಣ, ಸಂಗಮೇಶ್ವರ, ಲಾಂಜೆ, ರಾಜಾಪುರ, ಕಣಕವಲಿ, ಕುಡಾಳ. ಫಲಕಗಳಲ್ಲಿ ಹೆಸರುಗಳು ಬರುತ್ತಿದ್ದಂತೆ ನಮಗೊಂದು ವಿಚಿತ್ರ ಅನುಭವವಾಯಿತು: ಇವೆಲ್ಲ ನಮ್ಮ ಚಾಳಿನ ನೆರೆಯವರ ಊರುಗಳು! ಗಿರಣಿಯಲ್ಲಿ ದುಡಿದವರು, 1982ರ ಮುಷ್ಕರದ ತರುವಾಯ ಕೆಲಸ ಹೋಗಿ ಊರಿಗೆ ಹಿಂದಿರುಗಿದವರು, ಗಣಪತಿ ಹಬ್ಬಕ್ಕೆ ಗಂಟು ಕಟ್ಟಿ ಹೊರಡುತ್ತಿದ್ದವರು. ಅವರ ಹೆಂಗಸರು ನಲ್ಲಿಯ ಬಳಿ ಹೇಳುತ್ತಿದ್ದ ಕೆಂಪುಕಲ್ಲಿನ ಹಾಡಿ, ಬಾವಿ, ಹಲಸಿನ ಮರ ಇವೇ. ಕುಂದಾಪುರದಲ್ಲಿ ಇದ್ದುದೇ ಇಲ್ಲಿಯೂ ಇದೆ. ಮಾತು ಮಾತ್ರ ಬೇರೆ.

ಚಿಪಳೂಣದಲ್ಲೊಂದು ರಾತ್ರಿ, ಸಾವಂತವಾಡಿಯಲ್ಲೊಂದು ರಾತ್ರಿ ತಂಗಿದೆವು. ಗೋವೆಯನ್ನು ಬೇಗನೆ ದಾಟಿದೆವು. ಮಾಜಾಳಿಯಲ್ಲಿ ಕನ್ನಡದ ಫಲಕ ಕಂಡಾಗ ಇಬ್ಬರೂ ಅದನ್ನು ಗಟ್ಟಿಯಾಗಿ ಓದಿದೆವು, ನಗಬೇಡಿರಿ.

ಕಾರವಾರದ ಬಾಗಿಲಲ್ಲಿ ಕಾಳಿ ನದಿ. ನಾವು ಮುಂಬಯಿಗೆ ಬಂದ ಮೇಲೆ ಕಟ್ಟಿದ ಹಳೆಯ ಸೇತುವೆ ನಾಲ್ಕು ದಶಕ ದುಡಿದು 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕುಸಿದಿತ್ತು. ಆಗ ಅದರ ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಹೋಗುವ ಬರುವ ವಾಹನಗಳೆಲ್ಲ ಹೊಸ ಸೇತುವೆಯ ಮೇಲೆಯೇ ಸಾಗುತ್ತಿದ್ದವು. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದೆವು: “ಸೇತುವೆಯೂ ಕಾಯುವುದಿಲ್ಲ. ನಾವು ಟ್ರಂಕಿನಲ್ಲಿಟ್ಟ ಕಾಗದ ಎಷ್ಟು ದಿನ ಕಾಯಬೇಕು?”

ಮರುದಿನ ಅಂಕೋಲೆ ದಾಟಿ ಶಿರೂರಿಗೆ ಬಂದೆವು. ಬೈಂದೂರಿನ ಹತ್ತಿರದ ಶಿರೂರಲ್ಲ, ಗಂಗಾವಳಿಯ ದಂಡೆಯ ಶಿರೂರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದಿತು. ರಸ್ತೆಬದಿಯ ಚಹದಂಗಡಿಯೂ ಅದನ್ನು ನಡೆಸುತ್ತಿದ್ದ ಸಂಸಾರವೂ ಮಣ್ಣುಪಾಲಾದವು. ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಹೊಳೆಯ ತಳದಿಂದ ಒಂದು ಲಾರಿಯನ್ನು ಅದರ ಚಾಲಕನ ದೇಹದೊಡನೆ ಎತ್ತುವಾಗ ಎಪ್ಪತ್ತು ದಿನ ದಾಟಿತ್ತು. ನಾವು ಹೋದಾಗ ಗುಡ್ಡದ ಕೆಂಪು ಗಾಯ ಹಸಿಯಾಗಿಯೇ ಇತ್ತು. ಕೆಳಗೆ ಗಂಗಾವಳಿ ಏನೂ ಆಗದವಳಂತೆ ತಿಳಿಯಾಗಿ ಹರಿಯುತ್ತಿದ್ದಳು.

ಬಂಧುಗಳೇ, ಬಸ್ಸಿನ ಕಾಲದಲ್ಲಿ ಅಂಕೋಲೆಯಿಂದ ಮುಂದೆ ಎಲ್ಲಿಯೋ ಬೆಳಗಿನ ಜಾವ ಚಹಕ್ಕೆಂದು ನಿಲ್ಲಿಸುತ್ತಿದ್ದರು. ನಿದ್ದೆಗಣ್ಣಿನಲ್ಲಿ ಇಳಿದು, ಬಿಸಿ ಲೋಟ ಹಿಡಿದು, ಕುಡಿದು, ಮತ್ತೆ ಹತ್ತುತ್ತಿದ್ದೆವು. ಅದು ಈ ಅಂಗಡಿಯೋ, ಬೇರೊಂದೋ? ಎಷ್ಟು ನೆನೆದರೂ ತಿಳಿಯಲಿಲ್ಲ. ಚಹ ಕೊಟ್ಟ ಕೈಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಹೋಟೇಲಿನಲ್ಲಿ ಲೋಟ ಎತ್ತಿದ ನಾವೇ ಹೀಗೆ ಮಾಡಿದೆವಲ್ಲ ಎಂದು ನಾಚಿಕೆಯಾಯಿತು.

ಹೊನ್ನಾವರದಲ್ಲಿ ಶರಾವತಿ, ಪಕ್ಕದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ರೈಲುಸೇತುವೆ. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಹುಟ್ಟೂರಿನ ಈ ಚೆಲುವನ್ನು ನೋಡಲು ಪರವೂರಿನವರು ಬರುತ್ತಾರೆ. ನಾವು ಮಾತ್ರ ಅಲ್ಲಿಗೆ ಬರುವಷ್ಟರಲ್ಲಿ ಸಾಮಾನು ಎಣಿಸುತ್ತಿರುತ್ತಿದ್ದೆವು!

ಮನೆಯ ಕಂಬಕ್ಕೆ ನವರಾತ್ರಿಯಲ್ಲಿ ಕಟ್ಟಿದ ಕದಿರು ಒಣಗಿ ತೂಗುತ್ತಿತ್ತು. ಅತ್ತಿಗೆ ಹೊಸಕ್ಕಿಯ ಊಟ ಬಡಿಸಿದರು. ಕೈತೊಳೆದವರೇ ನಾವು ಪೆನ್ನು ತೆಗೆದೆವು. ಅಣ್ಣ ತಡೆದ: “ಓದದೆ ಸೈ ಹಾಕೂಕಾಗ, ತಮ್ಮ. ಮೊದಲು ಓದು.” ಜಗಲಿಯಲ್ಲಿ ಕುಳಿತು ಓದಿದೆವು. ಎರಡನೆಯ ಪುಟದಲ್ಲೇ ಸ್ಪಷ್ಟವಾಗಿ ಬರೆದಿತ್ತು: ನಮ್ಮ ಪಾಲು ಇದ್ದ ಹಾಗೆಯೇ ಇರತಕ್ಕದ್ದು, ಸಾಲ ತೀರಿಸುವ ಹೊಣೆ ಅಣ್ಣನದೊಬ್ಬನದೇ. ಈ ವಾಚನಾಲಯದಲ್ಲಿ ಪೇಪರಿನ ಜಾಹೀರಾತನ್ನೂ ಬಿಡದೆ ಓದುವ ನಾವು, ಒಡಹುಟ್ಟಿದವನ ಕಾಗದವನ್ನು ಎರಡು ವರ್ಷ ಓದಿರಲಿಲ್ಲ. ಸಹಿ ಹಾಕಿದೆವು. ಕುಸಿದ ಮಾಡಿನ ಮಾತನ್ನು ಅಣ್ಣ ಎತ್ತಲಿಲ್ಲ; ಎತ್ತಿದ್ದರೆ ಹಗುರವಾಗುತ್ತಿತ್ತು.

ಹಿಂದಿರುಗುವಾಗ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಟ್ಟ ಹತ್ತಿದೆವು. ಹದಿನಾಲ್ಕು ತಿರುವುಗಳಲ್ಲಿ ನಮ್ಮ ಇನ್ನರ್ಧ ದೇವರ ಹೆಸರು ಹೇಳಿದ್ದು ಇಪ್ಪತ್ತೆಂಟು ಸಲ. ಮೇಲೆ ನಿಂತಾಗ ಸೂರ್ಯ ಇಳಿಯುತ್ತಿದ್ದ. ಕಾಡಿನಾಚೆ ಕರಾವಳಿಯ ಬಯಲು, ಅದರಾಚೆ ಕಡಲಿನ ಒಂದು ಹೊಳೆಯುವ ಎಳೆ. ಆ ಎಳೆಯ ಅಂಚಿನಲ್ಲೇ ನಾವು ಬಂದ ದಾರಿ, ಅಣ್ಣನ ಮನೆ, ಗಂಗಾವಳಿ, ಕಾಳಿ, ಸಾವಿತ್ರಿ, ಕೊನೆಗೆ ಪರೇಲು. ಕತ್ತಲಾದುದರಿಂದ ಆ ರಾತ್ರಿ ಅಲ್ಲಿಯೇ ತಂಗಿದೆವು. ಮುಂದೆ ಶಿವಮೊಗ್ಗ, ಹುಬ್ಬಳ್ಳಿ, ಕೊಲ್ಹಾಪುರಗಳ ಮೇಲೆ ಬಂದು ಮುಂಬಯಿ ಸೇರಿದೆವು.

ಎಲ್ಲರಿಗೂ ಕಾರಿಲ್ಲ, ರಜೆಯೂ ಇಲ್ಲ, ಬಲ್ಲೆವು. ಮಳೆ ನಿಂತ ಮೇಲಿನ ಎರಡು ತಿಂಗಳಲ್ಲಿ ಒಮ್ಮೆಯಾದರೂ ಹಗಲು ರೈಲು ಹಿಡಿಯಿರಿ. ಅದೂ ಆಗದಿದ್ದಲ್ಲಿ ಬೆಳಗಿನ ಜಾವ ಬಸ್ಸು ನಿಂತಾಗ ಚಹ ಕೊಡುವವರ ಮುಖ ನೋಡಿರಿ, ಅದು ಯಾವ ಊರೆಂದು ಕೇಳಿರಿ. ಇನ್ನೊಂದು ಮಾತು: ಊರಿನಿಂದ ಬಂದ ಕಾಗದವನ್ನು ಮೊದಲು ಓದಿರಿ, ಹಿತೈಷಿಗಳನ್ನು ಆಮೇಲೆ ಕೇಳಿದರಾಯಿತು.