ರುಮಾಲಿನಲ್ಲಿ ಕಟ್ಟಿಟ್ಟ ನಾಡು



ಮಹಾರಾಷ್ಟ್ರದ ಗಡಿನಾಡಾದ ಜತ್ತ ಸೀಮೆಯ ಮಾಡಗ್ಯಾಳ ಎಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಕುರಿ. ಬಿಳಿ ಮೈ, ಅದರ ಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು, ಎತ್ತರದ ಕಾಲು. ಊರಿನ ಹೆಸರನ್ನೇ ತಳಿಯ ಹೆಸರಾಗಿ ಹೊತ್ತು ಆ ಕುರಿ ದೂರದ ಸಂತೆಗಳಲ್ಲೂ ಬೆಲೆ ಕಟ್ಟಿಸಿಕೊಳ್ಳುತ್ತದೆ. ಆದರೆ ಮುನ್ನೂರು ವರ್ಷಗಳ ಹಿಂದೆ ಈ ಸೀಮೆಯ ಹುಟ್ಟುವಳಿಯಲ್ಲಿ ಯಾರ ಪಾಲು ಎಷ್ಟಿತ್ತು, ಗಡಿಯ ಕಲ್ಲಿನ ಜಗಳ ಯಾರ ಮುಂದೆ ಬಗೆಹರಿಯುತ್ತಿತ್ತು, ಬರ ಬಿದ್ದ ವರ್ಷ ಸಾರಾ (ಕಂದಾಯ) ಮಾಫಿ ಆಯಿತೋ ಇಲ್ಲವೋ ಎಂದು ಕೇಳಿದರೆ ಶಾಲೆಯ ಪುಸ್ತಕ ಉತ್ತರ ಕೊಡುವುದಿಲ್ಲ. ಇಂಥ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಕಾಗದದ ಗಂಟುಗಳಲ್ಲಿ. ಆ ಗಂಟಿಗೆ ರುಮಾಲು ಎನ್ನುತ್ತಾರೆ. ನೆಲವನ್ನೂ ಹಿಡಿದು ದಂಡನ್ನೂ ನಡೆಸಿದ ಮನೆತನಗಳು ಕಾಪಾಡಿಕೊಂಡು ಬಂದ ಈ ದಫ್ತರಗಳ ಕಥೆಯನ್ನು ಇವತ್ತು ಹೇಳುತ್ತೇನೆ.

ನಮ್ಮ ಜತ್ತದಿಂದಲೇ ಶುರು ಮಾಡೋಣ. ಜತ್ತ ಸಂಸ್ಥಾನದ ಡಫಳೆಯವರ ಮೂಲ ಅಡ್ಡಹೆಸರು ಚವ್ಹಾಣ. ಡಫಳಾಪುರದ ಪಾಟೀಲಕಿ ಅವರ ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದದ್ದು, ಅದರಿಂದಲೇ ಡಫಳೆ ಎಂಬ ಹೆಸರು ನಿಂತಿತು. ಬಿಜಾಪುರದ ಆದಿಲಶಾಹಿಯ ಕೊನೆಯ ವರ್ಷಗಳಲ್ಲಿ ಸಟವಾಜಿರಾವ ಡಫಳೆಯವರಿಗೆ ಜತ್ತ, ಕರಜಗಿ, ಬರಡೋಲ ಕಡೆಯ ದೇಶಮುಖಿಯೂ, ಮುಂದೆ ಜಹಗೀರೂ ದಕ್ಕಿದವು. ಊರಿನ ಗೌಡಿಕೆಯಿಂದ ಹೊರಟ ಮನೆ ಕುದುರೆ ಸವಾರರನ್ನು ಸಾಕುವ ಸರದಾರರ ಮನೆಯಾಯಿತು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಬಿತ್ತು. ಡಫಳೆಯವರು ಮೊಗಲರ ಚಾಕರಿ ಹಿಡಿದರು. 1699-1700ರಲ್ಲಿ ಸಾತಾರದ ಕೋಟೆಗೆ ಔರಂಗಜೇಬ ಮುತ್ತಿಗೆ ಹಾಕಿದಾಗ ಈ ಮನೆಯವರು ಅವನ ದಂಡಿನಲ್ಲಿದ್ದರು. ಮುಂದೆ ಅದೇ ಸಾತಾರದ ಛತ್ರಪತಿಗಳ ಆಶ್ರಯಕ್ಕೆ ಬಂದರು, ಆಮೇಲೆ ಇಂಗ್ಲಿಷರೊಡನೆ ಕರಾರು ಮಾಡಿಕೊಂಡರು.

ಇದನ್ನು ಪಕ್ಷಾಂತರವೆಂದು ಹಳಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ವತನದಾರನ ನಿಷ್ಠೆ ಮೊದಲು ತನ್ನ ವತನಕ್ಕೆ, ಅಂದರೆ ವಂಶಪಾರಂಪರ್ಯ ಹಕ್ಕಿಗೆ, ತನ್ನ ಮಣ್ಣಿಗೆ. ಸಿಂಹಾಸನದ ಮೇಲೆ ಕೂತವರು ಬದಲಾದಾಗಲೆಲ್ಲ ಅವನು ಹಳೆಯ ಸನದನ್ನು (ಹಕ್ಕುಪತ್ರವನ್ನು) ಹಿಡಿದುಕೊಂಡು ಹೋಗಿ, ನಜರು ಕೊಟ್ಟು, ಹೊಸ ಸನದು ಮಾಡಿಸಿಕೊಂಡು ಬರಬೇಕಾಗಿತ್ತು. ರಾಜ್ಯ ಅಳಿದರೂ ಕಾಗದ ಉಳಿದದ್ದು ಹೀಗೆ. ಪಾರಸಿ ಫರ್ಮಾನಿನ ಮೇಲೆ ಮೊಗಲರ ಪರವಾನೆ, ಅದರ ಮೇಲೆ ಮರಾಠಿ ಸನದು, ಅದರ ಮೇಲೆ ಕಂಪನಿಯ ಕರಾರು ಕೂತವು. ಮೂರು ನಾಲ್ಕು ಆಳ್ವಿಕೆಗಳು ಒಂದೇ ರುಮಾಲಿನಲ್ಲಿ ಮಲಗಿವೆ.

ಈ ಕಾಗದಗಳನ್ನು ಬರೆದದ್ದು ಬೋರುವಿನ ಲೇಖಣಿಯಿಂದ, ಕೈಯಿಂದ ತಯಾರಿಸಿದ ಗಟ್ಟಿ ಕಾಗದದ ಮೇಲೆ, ಬಹುಪಾಲು ಮೋಡಿ ಲಿಪಿಯಲ್ಲಿ. ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆಯುತ್ತಿದ್ದರು, ಆಮೇಲೆ ಕೈ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಬಿಡುತ್ತಿದ್ದರು. ಪದಗಳ ನಡುವೆ ಜಾಗವಿಲ್ಲ, ಹ್ರಸ್ವ ದೀರ್ಘದ ಭೇದವಿಲ್ಲ. ಇವತ್ತು ಮರಾಠಿ ಚೆನ್ನಾಗಿ ಬಲ್ಲವರಿಗೂ ಮೋಡಿ ಓದಲು ಬರುವುದಿಲ್ಲ. ವರ್ಷದ ಲೆಕ್ಕವೂ ಬೇರೆ. ಶುಹೂರ ಸನ್ ಎಂಬ ಎಣಿಕೆಯನ್ನು ಅರಬ್ಬಿ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು. ಅದಕ್ಕೆ 599 ಇಲ್ಲವೆ 600 ಕೂಡಿಸಿದರೆ ಇಸವಿ ಸಿಗುತ್ತದೆ. ಎರಡು ಅಂಕಿ ಏಕೆಂದರೆ, ಆ ವರ್ಷ ಜನವರಿಗೆ ಹುಟ್ಟುವುದಿಲ್ಲ. ಜೂನಿನಲ್ಲಿ ಮಿರಗ (ಮೃಗಶಿರಾ ಮಳೆ) ಹೂಡಿದಾಗ ಹುಟ್ಟುತ್ತದೆ. ನಮ್ಮ ಒಕ್ಕಲಿಗ ಇಂದಿಗೂ ಬಿತ್ತನೆಗೆ ಎದುರು ನೋಡುವ ಮಿರಗದ ಮಳೆಯೇ ಸರಕಾರಿ ಕಾಗದದ ಹೊಸ ವರ್ಷವಾಗಿತ್ತು ಎಂಬುದು ತಿಳಿದಾಗ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ.

ದಫ್ತರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಮಹಜರ, ಅಂದರೆ ಸಾಕ್ಷಿಗಳ ಸಮೇತ ಬರೆದಿಟ್ಟ ಸಭೆಯ ತೀರ್ಮಾನ. ವತನಕ್ಕೆ ಇಬ್ಬರು ದಾಯಾದಿಗಳು ಹಕ್ಕು ಹೇಳಿದರೆ ಗೋತಸಭೆ ಎಂಬ ಪಂಚಾಯಿತಿ ಕೂಡುತ್ತಿತ್ತು. ದೇಶಮುಖ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಮಾತ್ರವಲ್ಲ, ಹುಟ್ಟುವಳಿಯಲ್ಲಿ ಪಾಲು ಪಡೆಯುವ ಕಸುಬಿನವರಾದ ಊರ ಬಲೂತೇದಾರರೂ ಸಾಕ್ಷಿಗೆ ಬರುತ್ತಿದ್ದರು. ಬಡಿಗ, ಕಂಬಾರ, ಕುಂಬಾರ, ಅಗಸ, ನಾವಿಗ, ಮಹಾರ ಎಲ್ಲರೂ ಆ ಸಭೆಯಲ್ಲಿ ಕೂಡುವವರೇ. ಓದು ಬರಹ ಬಾರದವರು ತಮ್ಮ ಕಸುಬಿನ ಗುರುತನ್ನೇ ಸಹಿಯಾಗಿ ಹಾಕಿಸುತ್ತಿದ್ದರು. ಪಾಟೀಲನ ಹೆಸರಿನ ಮುಂದೆ ನೇಗಿಲು, ನಾವಿಗನ ಮುಂದೆ ಕನ್ನಡಿ. ಸಾಕ್ಷಿಯಿಂದಲೂ ತೀರದಿದ್ದರೆ ದಿವ್ಯ ನಡೆಯುತ್ತಿತ್ತು. ಕುದಿಯುವ ಎಣ್ಣೆಯೊಳಗಿನ ಲೋಹದ ತುಂಡನ್ನು ಬರಿಗೈಯಿಂದ ತೆಗೆಯಬೇಕು. ಆ ಕೈಗೆ ಚೀಲ ಕಟ್ಟಿ, ಮುದ್ರೆ ಒತ್ತಿ, ಕೆಲವು ದಿನ ಬಿಟ್ಟು ಸಭೆಯ ಎದುರು ಬಿಚ್ಚಿ ನೋಡುತ್ತಿದ್ದರು. ಗೆದ್ದವನ ಮನೆಗೆ ನಿವಾಡಪತ್ರ (ತೀರ್ಪಿನ ಪತ್ರ) ಹೋಗುತ್ತಿತ್ತು. ಸುಟ್ಟ ಕೈಯ ಮನುಷ್ಯನ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ, ಆದರೆ ಗೆದ್ದವನ ಕಾಗದದೊಳಗೆ ಅವನ ಹೆಸರೂ ಉಳಿಯಿತು.

ಈ ಮಾತನ್ನು ನಾನು ಒತ್ತಿ ಹೇಳಬೇಕು. ಮನೆತನಗಳು ಈ ಕಾಗದಗಳನ್ನು ಕಾಯ್ದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ, ಹಕ್ಕಿಗಾಗಿ. ಜಗಳವಿಲ್ಲದ ಊರು ಕಾಗದ ಬಿಟ್ಟುಹೋಗುವುದು ಕಡಿಮೆ. ಆದರೆ ಹಕ್ಕು ಸಾಧಿಸಲು ಸಾಕ್ಷಿ ಬೇಕು, ಸಾಕ್ಷಿಗೆ ಊರೇ ಬೇಕು. ಆದ್ದರಿಂದ ದೊಡ್ಡಮನೆಯ ದಫ್ತರದೊಳಗೆ, ಆ ಮನೆಯ ಕಟ್ಟೆಯನ್ನೂ ಹತ್ತದವರ ಹೆಸರುಗಳು ಕೂತಿವೆ.

ಮಿರಜ ಪಟ್ಟಣದ ಪಟವರ್ಧನರ ಕಾಗದಗಳು ಇದಕ್ಕಿಂತ ದೊಡ್ಡ ರಾಶಿ. ಪೇಶ್ವೆಯರ ಪರವಾಗಿ ಕರ್ನಾಟಕದ ಗಡಿ ಕಾಯುವ ಕೆಲಸ ಈ ಮನೆತನದ್ದು. ಹೈದರನೊಂದಿಗೆ, ಟಿಪ್ಪುವಿನೊಂದಿಗೆ ಇವರ ಯುದ್ಧಗಳು ನಡೆದವು. 1790ರಲ್ಲಿ ಪರಶುರಾಮಭಾವು ಪಟವರ್ಧನ ಧಾರವಾಡದ ಕೋಟೆಯನ್ನು ಮುತ್ತಿದ. ಕೋಟೆ ಕೈಗೆ ಬಂದದ್ದು ಮರುವರ್ಷ ಏಪ್ರಿಲ್‌ನಲ್ಲಿ. ದಂಡು ಅಲ್ಲಿಂದ ತೆಂಕಲಿಗೆ ಇಳಿದು, ಮೇಲುಕೋಟೆಯ ಹತ್ತಿರ, ಹಸಿವಿನಿಂದ ಕಂಗೆಟ್ಟಿದ್ದ ಇಂಗ್ಲಿಷ್ ಸೈನ್ಯವನ್ನು ಕೂಡಿಕೊಂಡಿತು. ಆ ಸೈನ್ಯದ ನಾಯಕ ಲಾರ್ಡ್ ಕಾರ್ನ್‌ವಾಲಿಸ್.

ಈ ಕಾರ್ನ್‌ವಾಲಿಸ್ ಹತ್ತು ವರ್ಷ ಮೊದಲು, 1781ರ ಅಕ್ಟೋಬರಿನಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನು. ಅವನನ್ನು ಸೋಲಿಸಿದ ಜಾರ್ಜ್ ವಾಷಿಂಗ್ಟನ್ ವರ್ಜೀನಿಯಾದ ಜಮೀನುದಾರ, ದಂಡನಾಯಕ ಕೂಡ. ಒಂದು ಕೈಯಲ್ಲಿ ಹೊಲದ ಲೆಕ್ಕ, ಇನ್ನೊಂದರಲ್ಲಿ ಕತ್ತಿ. ನಮ್ಮ ಸರದಾರರಂತೆ ಅವನೂ ತನ್ನ ಕಾಗದಗಳನ್ನು ಜೋಪಾನ ಮಾಡಿದ. ಅವನ ಮನೆಯವರಿಂದ ಅಮೆರಿಕದ ಸರಕಾರ 1834ರಲ್ಲಿ, ಮತ್ತೆ 1849ರಲ್ಲಿ ಹಣ ಕೊಟ್ಟು ಆ ಕಾಗದಗಳನ್ನು ಕೊಂಡುಕೊಂಡಿತು. ಅವು ಈಗ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ತಾನು ತೀರಿಕೊಂಡ ವರ್ಷವೇ, 1799ರಲ್ಲಿ, ವಾಷಿಂಗ್ಟನ್ ಕೈಯಾರೆ ಬರೆದಿಟ್ಟ ಒಂದು ಪಟ್ಟಿ ಇದೆ. ಮೌಂಟ್ ವರ್ನನ್ ಎಸ್ಟೇಟಿನ 317 ಗುಲಾಮರ ಹೆಸರುಗಳು ಅದರಲ್ಲಿವೆ. ಆಸ್ತಿಯ ಲೆಕ್ಕಕ್ಕೆ ಬರೆದ ಆ ಪಟ್ಟಿಯಲ್ಲೇ ಅವರ ಸಂತತಿಯವರು ಇಂದು ತಮ್ಮ ಹಿರಿಯರನ್ನು ಹುಡುಕುತ್ತಿದ್ದಾರೆ. ಅಲ್ಲಿನ ಗುಲಾಮಗಿರಿ ಬೇರೆ, ನಮ್ಮ ಊರುಗಳ ಬಲೂತೆ, ಬಿಟ್ಟಿ ಚಾಕರಿ ಬೇರೆ. ಎರಡನ್ನೂ ಒಂದು ಮಾಡಬಾರದು. ಆದರೆ ಯಜಮಾನನ ಕಾಗದದಲ್ಲಿ ತಮ್ಮವರನ್ನು ಹುಡುಕಬೇಕಾದ ಕೆಲಸ ಅವರಿಗೂ ನಮಗೂ ಬಂದಿದೆ.

ಪರಶುರಾಮಭಾವುವಿನ ಆ ದಂಡಯಾತ್ರೆಯ ಕಾಲದಲ್ಲೇ, 1791ರಲ್ಲಿ, ಮರಾಠಾ ಸವಾರರು ಶೃಂಗೇರಿಯ ಮಠವನ್ನು ಕೊಳ್ಳೆ ಹೊಡೆದರು. ಅದರ ದುಃಖವನ್ನು ಸ್ವಾಮಿಗಳು ಟಿಪ್ಪುವಿಗೆ ತೋಡಿಕೊಂಡರು. ಟಿಪ್ಪು ನೆರವು ಕಳಿಸಿ ಕನ್ನಡದಲ್ಲಿ ಪತ್ರ ಬರೆಸಿದ. ಆ ಪತ್ರಗಳು ಮಠದಲ್ಲೇ ಉಳಿದಿದ್ದು, 1916ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಒಂದೇ ಯುದ್ಧ, ಎರಡು ದಫ್ತರ. ಮಿರಜದ ಪತ್ರಗಳನ್ನು ಓದಿದವರು ಶೃಂಗೇರಿಯವನ್ನೂ ಓದದಿದ್ದರೆ ಅವರಿಗೆ ಅರ್ಧ ಯುದ್ಧವಷ್ಟೇ ಗೊತ್ತಾದೀತು.

ಪೇಶ್ವಾಯಿ ಮುಗಿದ ಮೇಲೆ ಕಾಗದಗಳ ಪಾಲಿಗೆ ಬಿರುಸಿನ ಕಾಲ ಬಂತು. ಇನಾಮು ಹೊಲಗಳಿಗೆ ಆಧಾರವೇನು ಎಂದು ಕಂಪನಿ ಸರಕಾರ ಕೇಳತೊಡಗಿತು. 1852ರ ಕಾಯ್ದೆಯಿಂದ ಇನಾಮು ಕಮಿಷನ್ನಿಗೆ ಪೂರ್ತಿ ಅಧಿಕಾರ ಸಿಕ್ಕಿತು. ಅಜ್ಜನ ಕಾಲದ ಸನದು ತೋರಿಸಿ, ಇಲ್ಲವೆ ಭೂಮಿ ಬಿಡಿ, ಎಂಬುದು ಅದರ ಮಾತು. ಗೆದ್ದಲು ತಿಂದ ಕಾಗದಕ್ಕೆ ಕ್ಷಮೆಯಿಲ್ಲ, ದಂಗೆಯಲ್ಲಿ ಸುಟ್ಟ ಸನದಿಗೆ ಕನಿಕರವಿಲ್ಲ. ಸಾವಿರಾರು ಇನಾಮುಗಳು ಜಪ್ತಿಯಾದವು. ದತ್ತಕಕ್ಕೆ ಒಪ್ಪಿಗೆ ಸಿಗದ ನೋವಿನ ಜೊತೆಗೆ ಈ ಭಯವೂ ಸೇರಿದ ದಿನಗಳಲ್ಲೇ, 1858ರ ಮೇ ತಿಂಗಳಲ್ಲಿ, ನರಗುಂದದ ಒಡೆಯ ಬಾಬಾಸಾಹೇಬರು ಬಂಡೆದ್ದರು. ಅವರ ಜನ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಜತ್ತ ಉಳಿದುಕೊಂಡಿತು, ಆದರೆ ಬಹಳ ಕಷ್ಟದಲ್ಲಿ. 1820ರಲ್ಲಿ ಇಂಗ್ಲಿಷರೊಡನೆ ಕರಾರಾಗಿತ್ತು. 1827ರಲ್ಲಿ ಸಾಲ ತೀರಿಸಲೆಂದು ಸಾತಾರದ ಮಹಾರಾಜರು ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡರು, 1841ರಲ್ಲಿ ಮರಳಿಸಿದರು. ಪ್ರಜೆಗಳ ಮೇಲಿನ ದಬ್ಬಾಳಿಕೆಯ ಕಾರಣ ಕೊಟ್ಟು 1874ರಿಂದ 1885ರವರೆಗೆ ಬ್ರಿಟಿಷರೇ ಆಡಳಿತ ನಡೆಸಿದರು. ಒಂದು ಕಾಲಕ್ಕೆ ಐವತ್ತು ಸವಾರರನ್ನು ದಂಡಿಗೆ ಕಳಿಸಬೇಕಾಗಿದ್ದ ಮನೆ ಅದರ ಬದಲಿಗೆ ವರ್ಷಕ್ಕೆ 6,400 ರೂಪಾಯಿ ಕಟ್ಟತೊಡಗಿತು. ಸರದೇಶಮುಖಿ ಎಂಬ ತೆರಿಗೆಯ ಬಾಬತ್ತು 4,847 ರೂಪಾಯಿ ಬೇರೆ. ಕುದುರೆಯ ಖುರಪುಟ ಹೋಗಿ ಖಜಾನೆಯ ಪಾವತಿ ಬಂತು. 1917ರಲ್ಲಿ ಡಫಳಾಪುರದ ರಾಣೀಬಾಯಿಸಾಹೇಬರು ತೀರಿಕೊಂಡ ಮೇಲೆ ಆರು ಹಳ್ಳಿಗಳ ಆ ಪುಟ್ಟ ಸಂಸ್ಥಾನವೂ ಜತ್ತಕ್ಕೆ ಸೇರಿತು. 1948ರ ಮಾರ್ಚಿನಲ್ಲಿ ಜತ್ತ ಭಾರತದಲ್ಲಿ ವಿಲೀನವಾಯಿತು.

ಅಷ್ಟರೊಳಗೆ ಈ ಕಾಗದಗಳನ್ನು ಹಕ್ಕಿಗಾಗಿ ಅಲ್ಲ, ಅರಿವಿಗಾಗಿ ಹುಡುಕುವವರು ಹುಟ್ಟಿದ್ದರು. ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವ ವಾಮನ ಖರೆ ಮಾಸ್ತರರು ಪಟವರ್ಧನರ ದಫ್ತರಕ್ಕೆ ಕೈಹಾಕಿದರು. 1897ರಿಂದ ಅದನ್ನು ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಕಂತು ಕಂತಾಗಿ ಅಚ್ಚು ಹಾಕಿಸಿದರು, 1924ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ದುಡಿದರು. ಮೇಷ್ಟರ ಸಂಬಳದಲ್ಲಿ ಇಂಥ ಕೆಲಸ! ವಿಶ್ವನಾಥ ಕಾಶಿನಾಥ ರಾಜವಾಡೆ ಹಳ್ಳಿ ಹಳ್ಳಿ ಸುತ್ತಿ ರುಮಾಲು ಬಿಚ್ಚಿಸಿದರು, 1910ರಲ್ಲಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. 1930ರ ದಶಕದ ಮೊದಲ ವರ್ಷಗಳಲ್ಲಿ ಗೋವಿಂದ ಸಖಾರಾಮ ಸರದೇಸಾಯಿಯವರು ಪೇಶ್ವೆ ದಫ್ತರದಿಂದ ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಹೊರತಂದರು. ಮುಂದೆ ಹಿರೋಶಿ ಫುಕಾಜಾವಾ ಎಂಬ ಜಪಾನಿನ ವಿದ್ವಾಂಸರು ದಖ್ಖನದ ಬಲೂತೇದಾರರ ಬಗ್ಗೆ, ವತನಗಳ ಬಗ್ಗೆ ಬರೆದದ್ದು ಇಂದಿಗೂ ಎಲ್ಲರಿಗೆ ಆಧಾರ. ಸಮುದ್ರದಾಚೆಯವರು ನಮ್ಮ ಕಂಬಾರ, ಕುಂಬಾರರ ಪಾಲಿನ ಲೆಕ್ಕಕ್ಕಾಗಿ ಆಯುಷ್ಯ ಸವೆಸಿದರು. ನಾವು?

1950ರಲ್ಲಿ ಮುಂಬಯಿ ಸರಕಾರ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ನ್ಯಾಯದ ದೃಷ್ಟಿಯಿಂದ ಅದು ಆಗಬೇಕಾಗಿದ್ದ ಕೆಲಸ. ಆದರೆ ಅಂದಿನಿಂದ ರುಮಾಲುಗಳಿಗೆ ಕೋರ್ಟಿನಲ್ಲಿ ಮೊದಲಿನ ಕಿಮ್ಮತ್ತು ಉಳಿಯಲಿಲ್ಲ. ಮುನ್ನೂರು ವರ್ಷ ಜೀವಕ್ಕಿಂತ ಹೆಚ್ಚಾಗಿ ಕಾಯ್ದದ್ದು ಅಟ್ಟ ಸೇರಿತು. ವಾಡೆಗಳ ಮಾಳಿಗೆ ಸೋರಿತು, ಹುಳು ಹಿಡಿಯಿತು, ಮನೆ ಕೆಡವಿದಾಗ ರದ್ದಿಗೆ ಹೋಯಿತು. ಕಾಗದದ ಜೊತೆಗೆ ಅದನ್ನು ಓದಬಲ್ಲ ಮುದುಕರೂ ಹೋದರು.

ಜತ್ತ ಸೀಮೆಯ ಕನ್ನಡಿಗರಿಗೆ ಇದು ಎರಡು ಪಟ್ಟು ನಷ್ಟ. ನಾವು ಆಡುವುದು ಕನ್ನಡ, ಗುಡ್ಡಾಪುರದ ದಾನಮ್ಮನಿಗೆ ನಡೆದುಕೊಳ್ಳುವುದು ಕನ್ನಡದಲ್ಲಿ, ಮಕ್ಕಳು ಕಲಿಯುವ ಕನ್ನಡ ಶಾಲೆಗಳೂ ಇವೆ. ನಮ್ಮ ಹಿರಿಯರು ಗೋತಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತನ್ನು ಕಾರಕೂನ ಮರಾಠಿಗೆ ತಿರುಗಿಸಿ ಮೋಡಿಯಲ್ಲಿ ಇಳಿಸಿದ. ಕನ್ನಡದ ಊರಿನ ಹೆಸರು, ಕನ್ನಡದ ಮನುಷ್ಯನ ಹೆಸರು ಆ ಬಾಗಿದ ಅಕ್ಷರಗಳೊಳಗೆ ಇವೆ. ಮರಾಠಿ ಸಂಶೋಧಕ ಅವುಗಳ ಹತ್ತಿರ ಬಂದಾಗ ಊರಿನ ಹೆಸರು ತಿಳಿಯದೆ ತಡವರಿಸುತ್ತಾನೆ. ಕನ್ನಡದ ಸಂಶೋಧಕ ಲಿಪಿ ತಿಳಿಯದೆ ಹಿಂದಿರುಗುತ್ತಾನೆ. ಎರಡೂ ಭಾಷೆ ನಾಲಗೆಯ ಮೇಲಿರುವ ಗಡಿನಾಡಿನ ಹುಡುಗ, ಹುಡುಗಿಯೇ ಇದಕ್ಕೆ ತಕ್ಕವರು. ಈ ಕೆಲಸವನ್ನು ಅವರಷ್ಟು ಚೆನ್ನಾಗಿ ಇನ್ನಾರೂ ಮಾಡಲಾರರು ಎಂದು ನಾನು ನಂಬುತ್ತೇನೆ.

ಮೋಡಿ ಕಲಿಯಲು ಮಹಾರಾಷ್ಟ್ರದ ಪುರಾಭಿಲೇಖ ಇಲಾಖೆ ತರಗತಿಗಳನ್ನು ನಡೆಸುತ್ತದೆ. ಮರಾಠಿ ಬಲ್ಲವರಿಗೆ ಅಕ್ಷರ ಹಿಡಿಯಲು ಕೆಲವು ವಾರ ಸಾಕು. ಕೈ ಕೈಗೆ ಬದಲಾಗುವ ಬರವಣಿಗೆಗೆ ಕಣ್ಣು ಪಳಗಲು ಇನ್ನಷ್ಟು ಕಾಲ ಬೇಕು. ಪಾಟೀಲಕಿ, ಕುಲಕರ್ಣಿಕೆ, ದೇಶಮುಖಿ ನಡೆಸಿದ ಮನೆಯವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ರುಮಾಲು ಇದ್ದರೆ ಈ ಮಿರಗದ ಮಳೆಗೆ ಮುಂಚೆ ಕೆಳಗಿಳಿಸಿ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೆ ಹಾಕಬೇಡಿ, ಹರಿದದ್ದಕ್ಕೆ ಅಂಟು ಟೇಪು ಹಚ್ಚಬೇಡಿ. ನೆರಳಿನಲ್ಲಿ ಗಾಳಿಗೆ ಇಟ್ಟು, ಒಣಗಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಯಾವ ಗಂಟಿನಲ್ಲಿ ಯಾವುದಿತ್ತೋ ಆ ಕ್ರಮ ಕೆಡಿಸಬೇಡಿ. ಸಾಧ್ಯವಾದರೆ ಹಾಳೆ ಹಾಳೆಯ ಫೋಟೋ ತೆಗೆಸಿ. ಕಾಗದ ನಿಮ್ಮ ಮನೆಯಲ್ಲೇ ಇರಲಿ, ಓದಬಲ್ಲವರು ಬಂದು ಕೇಳಿದಾಗ ಬಾಗಿಲು ತೆರೆಯಿರಿ.