ಮೋಟಾರ್‌ಸೈಕಲ್ ಕೊಳ್ಳುವಾಗ ಕೇಳಬೇಕಾದ ಮಾತು



ನಮ್ಮ ಸೀಮೆಯ ರೈತ ಎತ್ತು ಕೊಳ್ಳುವುದನ್ನು ತಾವು ನೋಡಿರಬಹುದು. ಕುರುವತ್ತಿಯ ಜಾತ್ರೆಯಲ್ಲಾಗಲಿ, ಹತ್ತಿರದ ಸಂತೆಯಲ್ಲಾಗಲಿ, ಅವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಹತ್ತು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಅರ್ಧ ದಿನ ಕಳೆದರೂ ಅವನಿಗೆ ಬೇಸರವಿಲ್ಲ. ಬೆಲೆ ಕುದುರದಿದ್ದರೆ ಬರಿಗೈಯಲ್ಲಿ ಎದ್ದು ಬರಲು ನಾಚಿಕೆಯೂ ಇಲ್ಲ.

ಅದೇ ರೈತ ಮೋಟಾರ್‌ಸೈಕಲ್ ಕೊಳ್ಳಲು ಪಟ್ಟಣದ ಷೋರೂಮಿಗೆ ಹೋದಾಗ ಏನಾಗುತ್ತದೆ? ಗಾಜಿನ ಬಾಗಿಲು ದಾಟಿದೊಡನೆ ಅವನ ಮಾತು ನಿಂತುಹೋಗುತ್ತದೆ. ಲಕ್ಷ ರೂಪಾಯಿಯ ವಸ್ತು. ಆದರೆ ತೋರಿಸಿದ ಕಡೆ ಕುಳಿತು, ಹೇಳಿದಷ್ಟು ಎಣಿಸಿ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬರುತ್ತಾನೆ. ಈ ವ್ಯತ್ಯಾಸ ಏಕೆ, ಅದರಿಂದ ಆಗುವ ನಷ್ಟವೇನು ಎಂಬುದನ್ನು ತಮ್ಮೊಂದಿಗೆ ವಿಚಾರ ಮಾಡಬೇಕೆಂದು ಈ ಮಾತು ಆರಂಭಿಸಿದ್ದೇನೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಉಜ್ಜಿನಿಯ ಕಡೆಯ ನಮ್ಮ ಚಿಕ್ಕಪ್ಪ ಮೆಕ್ಕೆಜೋಳ ಮಾರಿದ ಹಣದಲ್ಲಿ ಒಂದು ಮೋಟಾರ್‌ಸೈಕಲ್ ಕೊಳ್ಳಲು ನಿಶ್ಚಯಿಸಿದರು. ಶಿಖರ ತೈಲಾಭಿಷೇಕದ ಜಾತ್ರೆಗೆ ಮುಂಚೆ ಗಾಡಿ ಮನೆಗೆ ಬರಬೇಕೆಂಬುದು ಮಕ್ಕಳ ಆಸೆ. ಫೋನಿನಲ್ಲಿ ವಿಚಾರಿಸಿದಾಗ ಮಾರಾಟದ ಹುಡುಗ, ಎಲ್ಲ ಸೇರಿ 98,000 ರೂಪಾಯಿ ಎಂದು ಹೇಳಿದ್ದ. ಚಿಕ್ಕಪ್ಪ ಗಾಡಿ ತಂದದ್ದು 1,05,350 ರೂಪಾಯಿಗೆ.

ಕಾಲೇಜು ಓದುತ್ತಿದ್ದ ಅವರ ಮಗಳು ರಾತ್ರಿ ಕುಳಿತು ಬಿಲ್ಲುಗಳನ್ನು ಬಿಡಿಸಿ ನೋಡಿದಳು. ಹ್ಯಾಂಡ್ಲಿಂಗ್ ಚಾರ್ಜ್ 1,500. ಬಣ್ಣದ ರಕ್ಷಣೆಯ ಲೇಪನ 1,200. ಹೆಲ್ಮೆಟ್ 1,200. ಬಿಡಿ ಅಲಂಕಾರದ ಸಾಮಾನು 3,450. ಅದರಲ್ಲಿ ಸೀರೆ ಗಾರ್ಡಿಗೆ 750. ಒಟ್ಟು ಹೆಚ್ಚುವರಿ 7,350 ರೂಪಾಯಿ. ಎರಡೆಕರೆಗೆ ಮೆಕ್ಕೆಜೋಳದ ಬೀಜ ಕೊಳ್ಳುವಷ್ಟು ಹಣ ಅದು. ಬಿತ್ತನೆಗೆ ಎರಡು ತಿಂಗಳೂ ಇರಲಿಲ್ಲ.

“ಇದನ್ನೆಲ್ಲ ನೀವು ಕೇಳಲಿಲ್ಲವೇ?” ಎಂದು ನಾನು ಕೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಆ ಹುಡುಗ ಕುರ್ಚಿ ಹಾಕಿ ಕೂಡ್ರಿಸಿದ. ಚಹಾ ತರಿಸಿದ. ಯಜಮಾನ್ರೆ ಅಂದ. ಅವನ ಚಹಾ ಕುಡಿದು ಅವನನ್ನೇ ಹ್ಯಾಂಗ ಕೇಳ್ಲಿ?”

ಮಿತ್ರರೆ, ಈ ಉತ್ತರವನ್ನು ನಾನು ಮರೆತಿಲ್ಲ. ನಮ್ಮ ಜನ ದಡ್ಡರಾಗಿ ಮೋಸ ಹೋಗುವುದಿಲ್ಲ. ಮರ್ಯಾದೆಗೆ ಅಂಜಿ ನಷ್ಟಪಡುತ್ತಾರೆ. ಮನೆಗೆ ಬಂದವರಿಗೆ ಚಹಾ ಕೊಡುವುದು ನಮ್ಮಲ್ಲಿ ಸ್ನೇಹದ ಗುರುತು. ಅಂಗಡಿಯಲ್ಲಿ ಕೊಡುವ ಚಹಾ ವ್ಯಾಪಾರದ ಒಂದು ಭಾಗ. ಅದರ ಬೆಲೆ ಗಾಡಿಯ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಅದನ್ನು ಕುಡಿದ ಋಣ ಯಾರಿಗೂ ಇಲ್ಲ.

ಅಂಗಡಿಯವರ ಎದುರು ಗಿರಾಕಿ ಬಾಯಿ ತೆರೆಯದಿರುವುದು ಇಂದಿನ ರೂಢಿಯಲ್ಲ. ಇದರ ಹಿಂದೆ ಒಂದು ಕಾಲವಿದೆ. ನಮ್ಮ ಮೈಸೂರಿನಲ್ಲೇ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್‌ಸೈಕಲ್ ತಯಾರಿಸತೊಡಗಿತು. ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ಅಲ್ಲಿಂದ ನಾಡೆಲ್ಲ ಹರಡಿದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ದಿನಗಳಲ್ಲಿ ಎಷ್ಟು ಗಾಡಿ ತಯಾರಾಗಬೇಕೆಂಬುದನ್ನು ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಬೇಡಿಕೆ ಹೆಚ್ಚು, ಸರಕು ಕಡಿಮೆ. ಬಜಾಜ್ ಸ್ಕೂಟರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಸರದಿ ಬಂದ ದಿನ ಯಾವ ಬಣ್ಣ ಕೊಟ್ಟರೆ ಆ ಬಣ್ಣ. ‘ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ’ ಎಂಬ ಗಾದೆ ಅಂದಿನ ಗಿರಾಕಿಗೆ ಸರಿಯಾಗಿ ಹೊಂದುತ್ತಿತ್ತು. ಪ್ರಶ್ನೆ ಕೇಳಿದರೆ ಎಲ್ಲಿ ಸರದಿ ತಪ್ಪುತ್ತದೋ ಎಂಬ ಅಂಜಿಕೆ.

1985ರಲ್ಲಿ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಮುಂತಾದ ಹೊಸ ಗಾಡಿಗಳು ಬಂದವು. 1991ರ ಆರ್ಥಿಕ ಸುಧಾರಣೆಗಳ ನಂತರ ಪರವಾನಗಿಯ ಕಟ್ಟುಪಾಡು ಸಡಿಲವಾಯಿತು. ಇಂದು ಒಂದೇ ಬೀದಿಯಲ್ಲಿ ನಾಲ್ಕು ಕಂಪನಿಗಳ ಅಂಗಡಿಗಳಿವೆ. ಅಂದು ಮಾತೇ ಆಡದಿದ್ದ ಮಾರಾಟಗಾರ ಇಂದು ಮಾತು ನಿಲ್ಲಿಸುವುದಿಲ್ಲ. ಆದರೆ ಗಿರಾಕಿ ಮಾತ್ರ ಅಂದಿನಂತೆಯೇ ಮೌನವಾಗಿದ್ದಾನೆ.

ಬೆಲೆಯ ವಿಷಯದಲ್ಲಿ ಮಾರಾಟಗಾರನ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ನಿದರ್ಶನ ನೋಡಿ. ಹೊಗೆ ನಿಯಂತ್ರಣದ ಹಳೆಯ ಮಾನದಂಡವಾದ ಬಿಎಸ್-3ರ ವಾಹನಗಳನ್ನು 2017ರ ಏಪ್ರಿಲ್ 1ರಿಂದ ಮಾರಬಾರದೆಂದು ಸುಪ್ರೀಂ ಕೋರ್ಟು ಮಾರ್ಚ್ 29ರಂದು ತೀರ್ಪಿತ್ತಿತು. ದೇಶದಲ್ಲಿ ಆಗ ಅಂಥ 8 ಲಕ್ಷಕ್ಕೂ ಹೆಚ್ಚು ವಾಹನಗಳ ದಾಸ್ತಾನು ಇತ್ತು. ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಹಿಂದಿನ ದಿನದವರೆಗೆ ಒಂದು ರೂಪಾಯಿ ಇಳಿಸಲಾಗದು ಎನ್ನುತ್ತಿದ್ದ ಅಂಗಡಿಗಳು ಮುಂದಿನ ಎರಡು ದಿನ ಸಾವಿರಾರು ರೂಪಾಯಿ ರಿಯಾಯಿತಿ ಘೋಷಿಸಿದವು. ಜನ ಸಾಲುಗಟ್ಟಿ ನಿಂತರು. ಅಂಥ ದಿನ ಮತ್ತೆ ಬರಲೆಂದು ನಾವು ಕಾಯಬೇಕಿಲ್ಲ. ‘ಇಳಿಸಲಾಗದು’ ಎಂಬ ಮಾತು ಕೊನೆಯ ಮಾತಲ್ಲ ಎಂಬುದನ್ನು ತಿಳಿದರೆ ಸಾಕು.

ಹಾಗಾದರೆ ಷೋರೂಮಿನಲ್ಲಿ ಏನನ್ನು ಕೇಳಬೇಕು? ಎತ್ತಿನ ಹಲ್ಲು ನೋಡಿದಂತೆ ಇಲ್ಲಿಯೂ ನೋಡಬೇಕಾದ ಕೆಲವು ವಿಷಯಗಳಿವೆ.

ಮೊದಲನೆಯದು, ಬೆಲೆಯ ವಿವರ. ‘ಎಲ್ಲ ಸೇರಿ ಎಷ್ಟು’ ಎಂದು ಕೇಳಬೇಡಿ, ‘ಯಾವುದು ಯಾವುದು ಸೇರಿ ಎಷ್ಟು’ ಎಂದು ಕೇಳಿ. ಷೋರೂಮಿನ ಬೆಲೆ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ, ಇತರೆ – ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಅಂಗಡಿಯ ಮೊಹರು ಹಾಕಿಸಿಕೊಳ್ಳಿ. 350 ಸಿಸಿವರೆಗಿನ ಮೋಟಾರ್‌ಸೈಕಲ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ಸಾಲನ್ನೂ ಓದಿ. ‘ಹ್ಯಾಂಡ್ಲಿಂಗ್’ ಎಂಬ ಸಾಲು ಕಂಡರೆ, ಇದು ಯಾವ ಕೆಲಸಕ್ಕೆ, ಯಾವ ನಿಯಮದಂತೆ ಎಂದು ಕೇಳಿ.

ಎರಡನೆಯದು, ಹಣ ಕೊಡದೆ ಬರಬೇಕಾದ ವಸ್ತುಗಳು. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಂತೆ ದ್ವಿಚಕ್ರ ವಾಹನ ಮಾರುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ಟನ್ನು ತಯಾರಕರೇ ಒದಗಿಸಬೇಕು. 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಆಸರೆ, ಬಟ್ಟೆ ಚಕ್ರಕ್ಕೆ ಸಿಗದಂತೆ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಅದು ಅಲಂಕಾರದ ಸಾಮಾನಲ್ಲ, ಪ್ರಾಣ ಉಳಿಸುವ ಸಾಧನ. ಗಾಡಿಯ ಜೊತೆಗೇ ಇರಬೇಕಾದದ್ದು.

ಮೂರನೆಯದು, ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಸ್ವಂತ ಗಾಡಿಯ ಹಾನಿಗೆ ಮಾಡುವ ವಿಮೆ ಬೇರೆ. ಎರಡನ್ನೂ ಅಂಗಡಿಯವರು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂಬ ಕಟ್ಟಳೆ ಇಲ್ಲ. ಬೇರೆ ಕಡೆ ದರ ವಿಚಾರಿಸಿದ್ದೇನೆ ಎಂದು ತಾವು ಹೇಳಿದರೆ ಅನೇಕ ವೇಳೆ ಅಂಗಡಿಯ ದರವೂ ಇಳಿಯುತ್ತದೆ.

ನಾಲ್ಕನೆಯದು, ಸಾಲ. ‘ಬರೀ 10 ಪರ್ಸೆಂಟ್ ಬಡ್ಡಿ’ ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. 60,000 ರೂಪಾಯಿ ಸಾಲ, 3 ವರ್ಷ. ವರ್ಷಕ್ಕೆ 6,000ದಂತೆ ಬಡ್ಡಿ 18,000. ಒಟ್ಟು 78,000ವನ್ನು 36 ಕಂತು ಮಾಡಿದರೆ ತಿಂಗಳಿಗೆ ಸುಮಾರು 2,167 ರೂಪಾಯಿ. ಆದರೆ ತಾವು ತಿಂಗಳು ತಿಂಗಳು ಅಸಲನ್ನೂ ತೀರಿಸುತ್ತಿದ್ದೀರಿ. ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 60,000ಕ್ಕೇ ಬೀಳುತ್ತಿದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಸುಮಾರು ಶೇಕಡಾ 18ರ ಬಡ್ಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಮುಖ್ಯ ಅಂಶಗಳ ಹೇಳಿಕೆಯೊಂದನ್ನು, ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಕೊಡಬೇಕು. ವಾರ್ಷಿಕ ದರ ನಿಜವಾಗಿ ಎಷ್ಟೆಂಬುದು ಅದರಲ್ಲಿ ಇರುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ತಮ್ಮ ಹಕ್ಕು.

ಐದನೆಯದು, ಗಾಡಿ ಮತ್ತು ಕಾಗದ. ಓಡಿಸಿ ನೋಡದೆ ಒಪ್ಪಬೇಡಿ. ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಿ. ಮಾರಾಟದ ಪ್ರಮಾಣಪತ್ರವಾದ 21ನೇ ನಮೂನೆಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ತಾತ್ಕಾಲಿಕವಾಗಿಯಾದರೂ ನೋಂದಣಿಯಾಗದ ಗಾಡಿಯನ್ನು ಅಂಗಡಿಯವರು ಗಿರಾಕಿಯ ಕೈಗೆ ಒಪ್ಪಿಸುವಂತಿಲ್ಲ. ‘ನಂಬರು ಆಮೇಲೆ ಬರುತ್ತದೆ, ಜಾತ್ರೆಗೆ ಓಡಿಸಿ’ ಎಂಬ ಮಾತಿಗೆ ಒಲಿಯಬೇಡಿ. ಅಪಘಾತವಾದರೆ ಆ ಮಾತು ಹೇಳಿದವರು ಜೊತೆಗೆ ಬರುವುದಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ಹೆಣ್ಣುಮಕ್ಕಳು ಗಾಡಿ ಕೊಳ್ಳಲು ಹೋದಾಗ ಮಾರಾಟಗಾರ ಅವರ ಜೊತೆ ಬಂದ ತಮ್ಮನ ಕಡೆಗೋ ಗಂಡನ ಕಡೆಗೋ ತಿರುಗಿ ಮಾತಾಡುವುದನ್ನು ನಾನು ಕಂಡಿದ್ದೇನೆ. ಹಣ ಅವರದು, ಓಡಿಸುವವರೂ ಅವರೇ. ಪಂಚೆಯ ಹಿರಿಯರನ್ನು ಬಿಟ್ಟು ಪ್ಯಾಂಟಿನ ಮಗನಿಗೆ ವಿವರಿಸುವುದೂ ಇದೇ ಜಾತಿಯ ತಪ್ಪು. ಅಂಥಲ್ಲಿ ‘ಕೊಳ್ಳುವವಳು ನಾನು, ನನಗೆ ಹೇಳಿ’ ಎನ್ನುವುದು ಒರಟುತನವಲ್ಲ.

ಮಾರಾಟದ ಹುಡುಗರ ಪಾಡನ್ನೂ ನಾವು ಮರೆಯಬಾರದು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಳ್ಳಿಗಳಿಂದಲೇ ಹೋದವರು. ತಿಂಗಳಿಗೆ ಇಷ್ಟು ಗಾಡಿ, ಇಷ್ಟು ವಿಮೆ, ಇಷ್ಟು ಸಾಲ ಎಂಬ ಗುರಿ ಅವರ ತಲೆಯ ಮೇಲಿರುತ್ತದೆ. ಸಂಬಳ ಅಲ್ಪ, ಉಳಿದದ್ದು ಕಮಿಷನ್. ತಿಂಗಳ ಕೊನೆಯಲ್ಲಿ ಅವರ ಧ್ವನಿಯಲ್ಲಿ ಅವಸರ ಕಂಡರೆ ಅದಕ್ಕೆ ಕಾರಣವಿದೆ. ಅವರನ್ನು ಬೈಯುವುದರಿಂದ ಏನೂ ಬರುವುದಿಲ್ಲ. ನಗುನಗುತ್ತಲೇ ಕೇಳಿ, ಬರೆದು ಕೊಡಿ ಎನ್ನಿ. ಬರೆದುಕೊಡಬೇಕಾದಾಗ ಮಾತು ತಾನಾಗಿ ಅಳತೆಗೆ ಬರುತ್ತದೆ.

ಕೇಳಿದರೂ ನ್ಯಾಯ ಸಿಗದಿದ್ದರೆ ದಾರಿಯಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲು ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂದು ಒತ್ತಾಯಿಸುವುದನ್ನು ಅದು ನಿರ್ಬಂಧಕ ವ್ಯಾಪಾರ ಪದ್ಧತಿ ಎನ್ನುತ್ತದೆ. ಗಾಡಿ ಕೊಂಡದ್ದು ದಾವಣಗೆರೆಯಲ್ಲಾದರೂ ಹೊಸಪೇಟೆಯಲ್ಲಾದರೂ ತಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 2 ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದಕ್ಕೆಲ್ಲ ಆಧಾರ ತಮ್ಮ ಕೈಯಲ್ಲಿರುವ ಬಿಲ್ಲು. ಬಿಲ್ಲಿಲ್ಲದೆ ಹಣ ಕೊಡಬೇಡಿ.

ಚಿಕ್ಕಪ್ಪನ ಕಥೆ ಅರ್ಧಕ್ಕೆ ನಿಂತಿತ್ತು. ಮರುದಿನ ಮಗಳು ಅವರನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದಳು. ಜಗಳವಾಡಲಿಲ್ಲ. ಒಂದೊಂದೇ ಸಾಲು ತೋರಿಸಿ, ಇದು ಏಕೆ ಎಂದು ಕೇಳಿದಳು. ಲೇಪನ ಮಾಡಿಯೇ ಇರಲಿಲ್ಲ. ಆ ಹಣ ಬಂತು. ಹೆಲ್ಮೆಟ್ ಮತ್ತು ಸೀರೆ ಗಾರ್ಡಿನ ಹಣವೂ ಬಂತು. ಹ್ಯಾಂಡ್ಲಿಂಗ್ ಚಾರ್ಜಿಗೆ ಮಾತ್ರ ಎಲ್ಲರೂ ಕೊಡುತ್ತಾರೆ ಎಂಬ ಉತ್ತರ ಸಿಕ್ಕಿತು. ಹಾಗೆಂದೇ ಬರೆದು ಕೊಡಿ ಎಂದಳು. ಯಾರೂ ಬರೆದುಕೊಡಲಿಲ್ಲ. ಒಂದು ವಾರದ ನಂತರ ಆ 1,500 ರೂಪಾಯಿಯೂ ಮರಳಿತು. ಒಟ್ಟು 4,650 ರೂಪಾಯಿ. ಉಳಿದ 2,700ರ ಸಾಮಾನು ಗಾಡಿಯ ಮೇಲಿದೆ. ಅದು ಕೇಳದೆ ಕೊಂಡದ್ದರ ನೆನಪು.

ಆ ದಿನವೂ ಅಂಗಡಿಯಲ್ಲಿ ಚಹಾ ಬಂತಂತೆ. ಚಿಕ್ಕಪ್ಪ ಅದನ್ನು ಕುಡಿದರು, ಮಗಳು ಕೇಳುವುದನ್ನು ನೋಡುತ್ತಾ ಕುಳಿತರು.

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬುದು ಬರಗಾಲ ಕಂಡ ನಮ್ಮ ನಾಡಿನ ಮಾತು. ಎತ್ತಿನ ಸಂತೆಯಲ್ಲಿ ನಮಗೆ ಇರುವ ಆ ಬಾಯಿ ಗಾಜಿನ ಬಾಗಿಲಿನ ಒಳಗೂ ಇರಲಿ. ಮುಂದಿನ ಸಲ ತಾವು ಗಾಡಿ ಕೊಳ್ಳಲು ಹೊರಟಾಗ ಮನೆಯಲ್ಲಿ ಓದುಬರಹ ಬಲ್ಲ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಿರಿ. ಒಂದು ಹಾಳೆ, ಒಂದು ಪೆನ್ನು ಜೇಬಿನಲ್ಲಿರಲಿ.